ಸಾರವೆ ಮೇಲಿನ ಹುಡುಗ
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಪೇಟೆಗೆ ಹೋದರೂ ಒಂದಾದರೂ ಮಹಡಿ ಏಳುತ್ತಿರುತ್ತದೆ. ಸಾರವೆಗೆ ನೀಲಗಿರಿ ಗಳ, ಬಿಗಿಯಲು ಹಗ್ಗ, ನಿಲ್ಲಲು ಒಂದೇ ಹಲಗೆ. ಅದರ ಮೇಲೆ ಹವಾಯಿ ಚಪ್ಪಲಿಯಲ್ಲಿ, ಸಿಮೆಂಟ್ ಬಾಂಡ್ಲಿ ಹಿಡಿದ ಹುಡುಗ. ಗಂಟು ಹಾಕಲು ಕಲಿಸಿದ್ದು ಮೇಸ್ತ್ರಿ. ಆ ಮೇಸ್ತ್ರಿಗೆ ಇನ್ನೊಬ್ಬ ಮೇಸ್ತ್ರಿ.

ಯುರೋಪ್ ಒಕ್ಕೂಟ 2001ರಲ್ಲಿ ತಂದ ನಿಯಮದ ಪ್ರಕಾರ ತರಬೇತಿ ಇಲ್ಲದವರು ಸಾರವೆ ಕಟ್ಟುವಂತೆಯೇ ಇಲ್ಲ. ನಮ್ಮಲ್ಲೂ 1996ರಲ್ಲೇ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು, ಕಲ್ಯಾಣ ಮಂಡಳಿ ಇದೆ, ಕಟ್ಟಡದ ವೆಚ್ಚದಲ್ಲಿ ಶೇ 1 ಸೆಸ್ ಅದಕ್ಕೇ ಹೋಗುತ್ತದೆ. ವರ್ಷದಲ್ಲಿ 90 ದಿನ ದುಡಿದ ದಾಖಲೆ ಕೊಟ್ಟರೆ ಲೇಬರ್ ಕಾರ್ಡು. ಮಕ್ಕಳ ಓದಿಗೆ, ಮದುವೆಗೆ ಸಹಾಯಧನ. ಬಿದ್ದು ಸತ್ತರೆ ಮನೆಯವರಿಗೆ ಪರಿಹಾರ. ಬೇಡ ಅನ್ನಲ್ಲ. ಅದೇ ದುಡ್ಡಲ್ಲಿ ಬೀಳದ ಹಾಗೆ ಬೆಲ್ಟು ಹಾಕಿಕೊಳ್ಳುವುದನ್ನೂ ತಾಲ್ಲೂಕಿನಲ್ಲೇ ಎರಡು ದಿನ ಕಲಿಸಬಹುದಲ್ಲ? ಆ ಎರಡು ದಿನದ ಕೂಲಿಯನ್ನೂ ಕೊಡಬೇಕು ಮಾತ್ರ. ಇಲ್ಲದಿದ್ದರೆ ಒಬ್ಬರೂ ಬರಲ್ಲ.