ಆಗಸ್ಟ್ 16ರ ದೇಶಭಕ್ತಿ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಹುಬ್ಬಳ್ಳಿಯಲ್ಲಿ ಮೊದಲು ಬದಲಾಗುವುದು ಅಂಗಿಯ ಜೇಬು. ಅಲ್ಲಿಯತನಕ ಬರೀ ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಟಿಕೆಟ್ ಆಕಾಂಕ್ಷಿಯ ಎದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ತ್ರಿವರ್ಣದ ಬಿಲ್ಲೆಯೊಂದು ಬಂದು ಕೂರುತ್ತದೆ. ಭಾಷಣದ ಕೊನೆಗೆ ಬರಬೇಕಾದ ಜೈಕಾರ ಮೊದಲಿಗೇ ಬರುತ್ತದೆ. ಚೆನ್ನಮ್ಮ ಸರ್ಕಲ್ಲಿನ ರಾಣಿಗೆ ಒಂದೇ ಬೆಳಿಗ್ಗೆ ಮೂರು ಪಕ್ಷಗಳ ಮೂರು ಮಾಲೆ ಬೀಳುತ್ತವೆ. ಒಮ್ಮೆ ನಾಲ್ಕನೆಯ ಮಾಲೆ ಗುರಿ ತಪ್ಪಿ ಕುದುರೆಯ ಕೊರಳಿಗೆ ಬಿದ್ದಿತ್ತು. ಅದು ಪಕ್ಷೇತರನದಿರಬೇಕು ಎಂದು ಪಾನ್ ಅಂಗಡಿಯವ ತೀರ್ಪು ಕೊಟ್ಟ.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಂಥಗಳಿವೆ. ರೇಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಕಾಕಾ, ಅಭ್ಯರ್ಥಿಯನ್ನು ಝಂಡಾ ವಂದನದ ಹೊತ್ತಿನಲ್ಲೇ ನೋಡಿ ಅಳೆಯಬೇಕು ಎನ್ನುವವರು. ರಾಷ್ಟ್ರಗೀತೆ ನಡೆಯುವಾಗ ಕೈ ಎಲ್ಲಿತ್ತು, ಮೈ ನೆಟ್ಟಗಿತ್ತೋ ಇಲ್ಲವೋ, ನಡುವೆ ಯಾರ ಕಿವಿಯಲ್ಲಾದರೂ ಏನಾದರೂ ಊದಿದನೋ, ಎಲ್ಲ ಅವರ ಲೆಕ್ಕದಲ್ಲಿರುತ್ತದೆ. "ಐವತ್ತೆರಡು ಸೆಕೆಂಡ್ ಸುಮ್ನ ನಿಂದರಾಕ ಆಗದಾಂವ ಐದು ವರ್ಷ ಏನ್ ಮಾಡ್ತಾನಪಾ?" ಎನ್ನುತ್ತಾರೆ. ಕಾಕೂದು ಬೇರೆ ದಾರಿ. "ಝಂಡಾ ಎಲ್ಲಾರೂ ಹಾರಸ್ತಾರ್ರಿ. ನಳಾ ಯಾವಾಗ ಬರ್ತಾವ, ಅದನ್ ಕೇಳ್ರಿ" ಎಂದು ಕೊಡ ತೊಳೆಯುತ್ತಲೇ ಹೇಳುತ್ತಾರೆ. ಓದಿದವರ ಗುಂಪಿನಲ್ಲಿ ಕಾಕೂ ಪಂಥಕ್ಕೆ ಮರ್ಯಾದೆ ಜಾಸ್ತಿ. ಬಿಲ್ಲೆ, ಸೆಲ್ಯೂಟು ಎಲ್ಲ ನಾಟಕ ಎಂದುಬಿಟ್ಟರೆ ಜಾಣರ ಸಾಲಿನಲ್ಲಿ ಜಾಗ ಸಿಗುತ್ತದೆ. ನನಗೋ ಕಾಕಾನನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ಯಾಕೆಂದರೆ ಕಾನೂನೂ ಅರ್ಧ ಕಾಕಾನ ಕಡೆಗಿದೆ. ನಾಮಪತ್ರ ಸಲ್ಲಿಸಿದವನು ಪರಿಶೀಲನೆಯ ದಿನಕ್ಕೆ ಮೊದಲೇ ಪ್ರಮಾಣವಚನ ತೆಗೆದುಕೊಳ್ಳಬೇಕು: ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುತ್ತೇನೆ ಎಂದು. ಗೆದ್ದ ಮೇಲಿನ ಪ್ರಮಾಣವಚನ ಟಿ.ವಿ.ಯಲ್ಲಿ ಬರುತ್ತದೆ, ಎಲ್ಲರಿಗೂ ಗೊತ್ತು. ಗೆಲ್ಲುವ ಮೊದಲಿನ ಇದನ್ನು ಚುನಾವಣಾಧಿಕಾರಿಯ ಕೋಣೆಯ ಹೊರಗೆ ಬಲ್ಲವರು ಕಡಿಮೆ. ಠೇವಣಿ ಕಳೆದುಕೊಳ್ಳುವವನೂ ಇದನ್ನು ಓದಲೇಬೇಕು.

ಈ ಅಖಂಡತೆಯ ಮಾತು ಪ್ರಮಾಣವಚನದೊಳಗೆ ಬಂದದ್ದು 1963ರಲ್ಲಿ, ಸಂವಿಧಾನದ 16ನೇ ತಿದ್ದುಪಡಿಯಿಂದ. ಚೀನಾ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಆಗ ದೆಹಲಿಯ ಕಣ್ಣಿದ್ದದ್ದು ಮದ್ರಾಸಿನ ಮೇಲೆ. ಪ್ರತ್ಯೇಕ ದ್ರಾವಿಡ ನಾಡು ಬೇಕೆನ್ನುತ್ತಿದ್ದ ಡಿ.ಎಂ.ಕೆ. ಮೇಲೆ. ಅಣ್ಣಾದೊರೈ ಅವರ ಪಕ್ಷ ಅದೇ ವರ್ಷ ಆ ಬೇಡಿಕೆಯನ್ನು ಕೈಬಿಟ್ಟಿತು, 1967ರಲ್ಲಿ ಅಧಿಕಾರಕ್ಕೂ ಬಂತು. ಬಾಯಿಂದ ಹೇಳಿಸಿದ ಮಾತ್ರಕ್ಕೆ ಮನಸ್ಸು ತಿರುಗಿತೆಂದು ಯಾರೂ ಹೇಳಲಾರರು. ಆದರೂ ಹೊರಗೆ ಹೋಗುತ್ತೇವೆ ಎನ್ನುತ್ತಿದ್ದವರು ಒಳಗೇ ಇದ್ದು ರಾಜ್ಯದ ಹಕ್ಕಿಗಾಗಿ ಜಗಳವಾಡುವುದನ್ನು ಕಲಿತರು. ಆಚಾರದಿಂದ ಒಮ್ಮೊಮ್ಮೆ ವಿಚಾರವೂ ಹುಟ್ಟುತ್ತದೆ. ಈ ಮಾತು ಹೇಳಿದ ದಿನ ಕಾಕಾ ನನಗೆ ಎರಡನೇ ಸಲ ಚಹಾ ಹೇಳಿದರು.

ಅದೇ ಕಾನೂನಿನ ಇನ್ನೊಂದು ಮಗ್ಗುಲು ನೋಡಿ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಡಿ ಬಾವುಟವನ್ನು ಸುಟ್ಟೋ ತುಳಿದೋ ಶಿಕ್ಷೆಗೊಳಗಾದವನು, ಬರೀ ದಂಡ ಕಟ್ಟಿ ಹೊರಬಂದರೂ, ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಅವಮಾನಕ್ಕೆ ಅಳತೆಯಿದೆ, ಸಾಕ್ಷಿಯಿದೆ, ಶಿಕ್ಷೆಯಿದೆ. ಪ್ರೀತಿಯನ್ನು ತೂಗಿ ನೋಡಿ ಇವನಿಗೆ ಹತ್ತು ಅಂಕ ಜಾಸ್ತಿ ಕೊಡಿ ಎನ್ನುವ ಕಲಮು ಮಾತ್ರ ಎಲ್ಲಿಯೂ ಇಲ್ಲ. ಆ ಕೆಲಸವನ್ನು ಕಾನೂನು ಮಾಡಲಾರದೆ ಮತದಾರನ ಕೊರಳಿಗೆ ಕಟ್ಟಿದೆ.

ಮತದಾರನಿಗಾದರೂ ಅದು ಸುಲಭವೇ? ನವೀನ್ ಜಿಂದಾಲ್ ಅವರನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಓದುವಾಗ ಅಲ್ಲಿ ಕಂಡಕಂಡಲ್ಲಿ ಬಾವುಟ ಹಾರುವುದನ್ನು ನೋಡಿ ಬಂದ ಈ ಉದ್ಯಮಿ ರಾಯಗಢದ ತನ್ನ ಕಾರ್ಖಾನೆಯಲ್ಲೂ ಹಾರಿಸಿದರು. ಅಧಿಕಾರಿಗಳು ತಡೆದರು, ಆಗ ಜನಸಾಮಾನ್ಯರು ವರ್ಷವಿಡೀ ಬಾವುಟ ಹಾರಿಸುವಂತಿರಲಿಲ್ಲ. ವರ್ಷಗಟ್ಟಲೆ ವ್ಯಾಜ್ಯ ನಡೆದು 2004ರ ಜನವರಿ 23ರಂದು ಸುಪ್ರೀಂ ಕೋರ್ಟು, ಗೌರವದಿಂದ ಬಾವುಟ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಎಂದಿತು. ಅದೇ ವರ್ಷ ಅವರು ಕುರುಕ್ಷೇತ್ರದಿಂದ ಕಾಂಗ್ರೆಸ್ ಸಂಸದರಾದರು. 2024ರಲ್ಲಿ ಅದೇ ಕುರುಕ್ಷೇತ್ರದಿಂದ ಬಿಜೆಪಿ ಸಂಸದರಾದರು. ಬಾವುಟ ಬದಲಾಗಲಿಲ್ಲ, ಅದರ ಮೇಲಿನ ಪ್ರೀತಿಯೂ ಬದಲಾಗಿರಲಿಕ್ಕಿಲ್ಲ. ಆ ಪ್ರೀತಿಯನ್ನಷ್ಟೇ ನೋಡಿ ಮತ ಹಾಕುವವನಿಗೆ ಎರಡೂ ಸಲ ಒಂದೇ ಉತ್ತರ ಸಿಗುತ್ತಿತ್ತು, ಉಳಿದದ್ದೆಲ್ಲ ಅದಲುಬದಲಾಗಿದ್ದರೂ.

ಜಿಂದಾಲ್ ನೋಡಿ ಬಂದ ಆ ಅಮೆರಿಕದಲ್ಲೇ ಈ ಬಿಲ್ಲೆ ಒಬ್ಬನ ಕೊರಳಿಗೆ ಉರುಳಾಗುವುದರಲ್ಲಿತ್ತು. 2007ರ ಅಕ್ಟೋಬರಿನಲ್ಲಿ ಅಯೋವಾದಲ್ಲಿ ವರದಿಗಾರನೊಬ್ಬ ಒಬಾಮರನ್ನು, ನಿಮ್ಮ ಕೋಟಿನ ಮೇಲೆ ಬಾವುಟದ ಪಿನ್ ಏಕಿಲ್ಲ ಎಂದು ಕೇಳಿದ. ಪಿನ್ ಈಗ ನಿಜವಾದ ದೇಶಪ್ರೇಮದ ಬದಲಿಗೆ ಬಂದು ಕೂತಿದೆ ಎಂಬರ್ಥದ ಉತ್ತರ ಬಂತು. ಮಾತು ಸರಿಯಾಗಿಯೇ ಇತ್ತು. ಚುನಾವಣೆಯಲ್ಲಿ ಸರಿಯಾದ ಮಾತಿಗೆ ಸಿಗುವ ಮರ್ಯಾದೆಯೇ ಅದಕ್ಕೂ ಸಿಕ್ಕಿತು. ಮರುವರ್ಷದ ಏಪ್ರಿಲಿನಲ್ಲಿ ಫಿಲಡೆಲ್ಫಿಯಾದ ಚರ್ಚೆಯಲ್ಲೂ ಅದೇ ಪ್ರಶ್ನೆ. ಮೇ ತಿಂಗಳ ಹೊತ್ತಿಗೆ ಪಿನ್ ಕೋಟಿನ ಮೇಲೆ ಮರಳಿ ಬಂದಿತ್ತು. ಎದುರಿಗೆ ನಿಂತ ಮೆಕೇನ್ ವಿಯೆಟ್ನಾಂ ಯುದ್ಧದಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದು ಬಂದವರು. ಅವರ ಕೋಟೂ ಬಹಳ ಸಲ ಬೋಳಾಗಿಯೇ ಇರುತ್ತಿತ್ತು, ಅದು ಸುದ್ದಿಯಾದದ್ದು ಅಪರೂಪ. ಬೆಲೆ ತೆತ್ತವನ ಹತ್ತಿರ ಯಾರೂ ರಸೀದಿ ಕೇಳುವುದಿಲ್ಲ.

ಬೆಲೆ ಎಂದಾಗ ನನಗೆ ಮದ್ದೂರಿನ ಬಳಿಯ ಶಿವಪುರ ನೆನಪಾಗುತ್ತದೆ. 1938ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನ ಕಾಂಗ್ರೆಸ್ ಬಾವುಟವನ್ನು ನಿಷೇಧಿಸಿದ್ದಾಗ ಅಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅಲ್ಲಿ ಅಧ್ಯಕ್ಷತೆ ವಹಿಸಿದ್ದ ಟಿ. ಸಿದ್ಧಲಿಂಗಯ್ಯನವರನ್ನು ಬಂಧಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಅಂದು ಹಗ್ಗ ಹಿಡಿದವನಿಗೆ ಹಗ್ಗದ ಆ ತುದಿಯಲ್ಲಿ ಜೈಲಿದೆಯೆಂದು ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಕಾಕಾನ ಪರೀಕ್ಷೆಯೊಂದೇ ಸಾಕಾಗುತ್ತಿತ್ತು. ನೋಡುವುದಕ್ಕೆ ಬೇರೇನೂ ಬೇಕಿರಲಿಲ್ಲ.

ಈಗ ಹಗ್ಗದ ಆ ತುದಿಯಲ್ಲಿ ಫೋಟೋಗ್ರಾಫರ್ ಇರುತ್ತಾನೆ. ನಮ್ಮ ಓಣಿಯ ಶಾಲೆಗೆ ಒಂದು ಆಗಸ್ಟ್ 15ಕ್ಕೆ ಆಕಾಂಕ್ಷಿಯೊಬ್ಬರು ಮುಖ್ಯ ಅತಿಥಿಯಾಗಿ ಬಂದರು. ಪಿ.ಟಿ. ಮಾಸ್ತರರು ಹಿಂದಿನ ಸಂಜೆಯೇ ಬಾವುಟದೊಳಗೆ ಸೇವಂತಿಗೆ ಎಸಳು ತುಂಬಿ ಸರಗಂಟು ಹಾಕಿಟ್ಟಿದ್ದರು. ರಾತ್ರಿ ಮಳೆ ಬಿದ್ದು ಹಗ್ಗ ಬಿಗಿದಿತ್ತು. ಅತಿಥಿ ಎಳೆದರು, ಬಿಚ್ಚಲಿಲ್ಲ. ಜೋರಾಗಿ ಎಳೆದರು, ಗಂಟು ಇನ್ನಷ್ಟು ಬಿಗಿಯಿತು. "ಸಾವಕಾಶ ಸರ, ಆ ಕಡೆ ಹಗ್ಗಾ" ಎಂದು ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟಿದರು. ಅಷ್ಟರಲ್ಲಿ ಗಾಬರಿಯಾದ ಮಕ್ಕಳು ರಾಷ್ಟ್ರಗೀತೆ ಎತ್ತಿಯೇಬಿಟ್ಟರು. ಅತಿಥಿ ಬಿಚ್ಚದ ಬಾವುಟಕ್ಕೇ ಸೆಲ್ಯೂಟ್ ಹೊಡೆದು ಕದಲದೆ ನಿಂತರು. ಕಾಕಾನ ಕಡೆ ನೋಡಿದೆ, ತಲೆದೂಗುತ್ತಿದ್ದರು. ಆಮೇಲೆ ಏಳನೇ ಇಯತ್ತೆಯ ಹುಡುಗನೊಬ್ಬ ಕಂಬ ಹತ್ತಿ ಗಂಟು ಬಿಚ್ಚಿದ, ಎಸಳೆಲ್ಲ ಅವನ ತಲೆಯ ಮೇಲೇ ಸುರಿದವು. ಫೋಟೋ ಸರಿ ಬಂದಿಲ್ಲವೆಂದು ಅತಿಥಿ ಇನ್ನೊಮ್ಮೆ ಸೆಲ್ಯೂಟ್ ಹೊಡೆದರು. ಇನ್ನೂ ಮೂರು ಕಡೆ ಝಂಡಾ ವಂದನ ಇದೆಯೆಂದು ಒಂಬತ್ತಕ್ಕೆ ಮೊದಲೇ ಹೊರಟೂ ಹೋದರು.

ಸಂಜೆ ಅದೇ ದಾರಿಯಲ್ಲಿ ಬಂದಾಗ ಶಾಲೆಯ ಸಿಪಾಯಿ ಬಾವುಟ ಇಳಿಸುತ್ತಿದ್ದ. ನೆಲಕ್ಕೆ ತಾಗದಂತೆ ಮೊಣಕೈ ಮೇಲೆ ಹಿಡಿದು, ಇನ್ನೊಂದು ತುದಿ ಹಿಡಿಯಲು ಮಗಳನ್ನು ಕರೆದ. ಕೇಸರಿಯನ್ನೂ ಹಸಿರನ್ನೂ ಬಿಳಿಯ ಕೆಳಗೆ ಮಡಿಚಿ, ಎರಡು ಕಡೆಯಿಂದ ಒಳಗೆ ತಂದು, ಮೇಲೆ ಚಕ್ರ ಕಾಣುವಂತೆ ಇಬ್ಬರೂ ಮಡಿಕೆ ಮಾಡಿದರು. ಅವನ ಎದೆಯ ಮೇಲೆ ಬಿಲ್ಲೆಯಿರಲಿಲ್ಲ, ಅಂಗಿಗೆ ಮೇಲಿನ ಗುಂಡಿಯೂ ಇರಲಿಲ್ಲ. ಅವನೇನಾದರೂ ಚುನಾವಣೆಗೆ ನಿಂತಿದ್ದರೆ ನನ್ನ ಮತ ಗಟ್ಟಿ. ನಿಲ್ಲುವುದಿಲ್ಲ, ಅದೇ ತೊಂದರೆ.

ಬಾವುಟವೇ ಬಹಳ ಕಟ್ಟುನಿಟ್ಟಿನ ವಸ್ತು. ನಮ್ಮ ದೇಶ ಸರಕುಗಳಿಗೆ ಮಾನಕ ಗೊತ್ತುಮಾಡಲು ಕೂತಾಗ ಸಂಖ್ಯೆ 1 ಎಂದು ಬರೆದುಕೊಂಡದ್ದು ರಾಷ್ಟ್ರಧ್ವಜದ ಮಾನಕವನ್ನೇ. ಆ ಮಾನಕಕ್ಕೆ ತಕ್ಕಂತೆ ಖಾದಿ ಬಾವುಟ ಮಾಡಿ ದೇಶಕ್ಕೆಲ್ಲ ಹೆಸರಾದದ್ದು ನಮ್ಮೂರಿನ ಬೆಂಗೇರಿ. 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಅದು. ಬಟ್ಟೆ ನೇಯುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ, ಹೊಲಿಯುವವರು ಹೆಚ್ಚಿನಂಶ ಹೆಂಗಸರು. ಒಂಬತ್ತು ಅಳತೆ, ಮೇಜಿನ ಮೇಲಿಡುವ ಆರಿಂಚಿನದರಿಂದ 21 ಅಡಿ ಉದ್ದದ್ದರವರೆಗೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ದಾರಿ ಬಿಟ್ಟರು. ಮರುವರ್ಷ ಮನೆಮನೆಯಲ್ಲೂ ತಿರಂಗಾ ಹಾರಿತು. ಬೆಂಗೇರಿಯವರು ಪ್ರತಿಭಟನೆಗೆ ಕೂತರು. ಮನೆಮನೆಯಲ್ಲಿ ಬಾವುಟ ಹಾರುವುದು ಚಂದವೇ, ನಾನೂ ಹಾರಿಸಿದೆ. ಆದರೆ ಅದೇ ಊರಿನಲ್ಲಿ ಬಾವುಟದಿಂದ ಬದುಕುವವಳಿಗೆ ಕೆಲಸ ಕಡಿಮೆಯಾದರೆ ಬಿಲ್ಲೆ ತೊಟ್ಟು ಮತ ಕೇಳಲು ಬಂದವನು ಅದಕ್ಕೆ ಏನು ಹೇಳುತ್ತಾನೆ? ಇದನ್ನು ಕೇಳಿದರೆ ಕಾಕಾನ ಪ್ರಶ್ನೆಯೂ ಆಯಿತು, ಕಾಕೂನ ಪ್ರಶ್ನೆಯೂ ಆಯಿತು.

ಹುಬ್ಬಳ್ಳಿಯಲ್ಲಿ ಕೂತು ಬಾವುಟದ ಬಗ್ಗೆ ಬರೆಯುತ್ತ ಈದ್ಗಾ ಮೈದಾನ ದಾಟಿ ಹೋಗುವಂತಿಲ್ಲ. 1994ರ ಆಗಸ್ಟ್ 15ರಂದು ಅಲ್ಲಿ ಬಾವುಟ ಹಾರಿಸುವ ಚಳವಳಿ, ಅದಕ್ಕೆ ತಡೆ, ಕರ್ಫ್ಯೂ, ಗೋಲಿಬಾರು, ಸಾವು. ಚಳವಳಿಗೆ ಬಂದಿದ್ದ ಉಮಾಭಾರತಿಯವರು ಹತ್ತು ವರ್ಷದ ಮೇಲೆ, ಅದೇ ಪ್ರಕರಣದಲ್ಲಿ ಹುಬ್ಬಳ್ಳಿ ನ್ಯಾಯಾಲಯದ ವಾರಂಟ್ ಬಂದಾಗ, ಮಧ್ಯಪ್ರದೇಶದ ಮುಖ್ಯಮಂತ್ರಿ ಪದವಿ ಬಿಟ್ಟು ಇಲ್ಲಿಗೆ ಬಂದರು. ಅವರು ಬೆಲೆ ತೆತ್ತರು ಎನ್ನುವವರಿದ್ದಾರೆ, ಆ ಬೆಲೆಯೂ ಬಂಡವಾಳವೇ ಎನ್ನುವವರೂ ಇದ್ದಾರೆ. ಎರಡು ಗುಂಪಿನವರೂ ನನ್ನ ಗೆಳೆಯರಲ್ಲಿದ್ದಾರಾದ್ದರಿಂದ ಮಾತು ಯಾವಾಗಲೂ ನಾಯಕರ ಮೇಲೇ ನಿಲ್ಲುತ್ತದೆ. ಗುಂಡು ತಗುಲಿದವರ ಮನೆಗಳಲ್ಲಿ ಆಗಸ್ಟ್ 16 ಹೇಗಿತ್ತು, ಆ ಮನೆಗಳಿಗೆ ಆಮೇಲೆ ಯಾವ ಪಕ್ಷದವರು ಎಷ್ಟು ವರ್ಷ ಹೋಗಿಬಂದರು ಎಂದು ಕೇಳಿದರೆ ಎರಡೂ ಕಡೆ ದನಿ ತಗ್ಗುತ್ತದೆ.

ಹೀಗಾಗಿ ನನ್ನದು ಮೂರನೇ ಪಂಥ. ದೇಶಭಕ್ತಿಯ ಸನ್ನೆಯನ್ನು ನೋಡುತ್ತೇನೆ, ಕಾಕಾನಷ್ಟೇ ಆಸೆಯಿಂದ ನೋಡುತ್ತೇನೆ. ಬೆಲೆ ಯಾರು ಕೊಟ್ಟರೆಂದು ತಿಳಿಯುವುದು ಮಾತ್ರ ಮರುದಿನ. ಹದಿನಾರರ ಬೆಳಿಗ್ಗೆ ಗಟಾರದ ಬದಿಯಲ್ಲಿ, ಸಿಟಿ ಬಸ್ಸಿನ ಸೀಟಿನ ಕೆಳಗೆ ಕಾಗದದ ಬಾವುಟಗಳು ಬಿದ್ದಿರುತ್ತವೆ. ಬಳಸಿದ ಮೇಲೆ ಅವನ್ನು ನೆಲಕ್ಕೆಸೆಯಬಾರದೆಂದು ಧ್ವಜ ಸಂಹಿತೆಯಲ್ಲೇ ಇದೆ. ಎತ್ತುವವರು ಪೌರಕಾರ್ಮಿಕರು. ಅವರ ಜೊತೆ ಬಗ್ಗಿ ಎರಡು ಬಾವುಟ ಎತ್ತಿದ ಅಭ್ಯರ್ಥಿ ಸಿಕ್ಕರೆ ಸಾಕು, ಅವನ ಪಕ್ಷ ಆಮೇಲೆ ನೋಡೋಣ ಎಂದುಕೊಂಡಿದ್ದೆ.

ಕಳೆದ ಚುನಾವಣೆಯಲ್ಲಿ ಮತ ಕೇಳಲು ಮನೆಗೆ ಬಂದ ಒಬ್ಬರಿಗೆ ಇದನ್ನು ಕೇಳಿಯೇಬಿಟ್ಟೆ. "ಆಗಸ್ಟ್ ಹದಿನಾರಕ್ಕ ಎಲ್ಲಿದ್ರಿ ಸಾಹೇಬ್ರ?" ಅವರು ಯೋಚಿಸಿದರು. "ಅವತ್ತ ಏನ್ ಕಾರ್ಯಕ್ರಮ ಇತ್ತರಿ?" ಎಂದರು. ನಾನು ವಿವರಿಸಿದೆ. ಅವರ ಮುಖ ಅರಳಿತು. ಹಿಂದೆ ನಿಂತಿದ್ದ ಹುಡುಗನ ಕಡೆ ತಿರುಗಿ, "ಛಲೋ ಐಡಿಯಾ ಐತಿ, ಬರಕೋ. ಬರೂ ವರ್ಷ ಹದಿನಾರಕ್ಕ ಝಂಡಾ ಆರಿಸೂ ಕಾರ್ಯಕ್ರಮ. ಐವತ್ತು ಟೀ ಶರ್ಟ್, ಪೆಂಡಾಲ ಬ್ಯಾಡ, ಫೋಟೋಗ್ರಾಫರ್‌ಗ ಮುಂಜಾನೆ ಆರಕ್ಕ ಬಾ ಅಂತ ಹೇಳ" ಎಂದರು.