ಬರಿಗೈ, ಮಾರ್ಗ, ತಾಲೀಮು

ಪರಭಾಷೆಯ ಶಬ್ದವೊಂದು ನಮ್ಮ ಬೀದಿಗೆ ಬಂದಾಗ ಅದರ ಧ್ವನಿಯನ್ನು ನಾವು ಕೂಡಲೇ ಬರಮಾಡಿಕೊಳ್ಳುತ್ತೇವೆ. ಅರ್ಥವನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುತ್ತೇವೆ. ಹೈದರಾಬಾದಿನಲ್ಲಿ ಕನ್ನಡ ಓದಿ, ಇದೇ ನಗರದಲ್ಲಿ ಕನ್ನಡ ಪಾಠ ಹೇಳಿದ ನನಗೆ ಇದು ಮನವರಿಕೆಯಾದುದು ಗ್ರಂಥಾಲಯದಲ್ಲಲ್ಲ, ಕಾಚಿಗುಡದ ಮನೆಯಲ್ಲಿ. ಎದುರಿನ ಬಯಲಿನಲ್ಲಿ ಬಿಳಿಯ ಉಡುಪು ತೊಟ್ಟ ಮಕ್ಕಳು ಬೆಳಗಿನ ಹೊತ್ತು 'ಇಚಿ, ನಿ, ಸಾನ್, ಶಿ' ಎಂದು ಎಣಿಸುತ್ತ ಗಾಳಿಗೆ ಗುದ್ದು ಕೊಡುತ್ತಿದ್ದರು. ತೆಲುಗು, ಉರ್ದು, ಮರಾಠಿ, ಕನ್ನಡ ಮನೆಮಾತಿನ ಆ ಮಕ್ಕಳಿಗೆ ಎಣಿಕೆಯ ಮಟ್ಟಿಗೆ ಜಪಾನಿಯೇ ಸಮಾನ ಭಾಷೆಯಾಗಿತ್ತು. ಅವರಲ್ಲಿ ನೆರೆಮನೆಯ ಹುಡುಗನೊಬ್ಬ ಒಂದು ದಿನ 'ಕರಾಟೆ ಎಂದರೇನು?' ಎಂದು ಕೇಳಿದ. ನಾನು ಬಾಯಿ ತೆರೆಯುವ ಮುನ್ನವೇ ಅವನ ಅಜ್ಜ ಉತ್ತರಿಸಿದರು: 'ಕರ ಎಂದರೆ ಕೈ. ಅದು ನಮ್ಮದೇ ಸಂಸ್ಕೃತ ಶಬ್ದ.'

ಉತ್ತರ ಸೊಗಸಾಗಿತ್ತು, ಆದರೆ ನಿಜವಲ್ಲ. ಆ ಪದದಲ್ಲಿ ಕೈ ಇರುವುದು 'ತೆ' ಎಂಬ ಕೊನೆಯ ಅಕ್ಷರದಲ್ಲಿ. 'ಕರ'ಕ್ಕೆ ಬೇರೆಯೇ ಚರಿತ್ರೆಯಿದೆ. ಓಕಿನಾವಾ ದ್ವೀಪದ ಈ ವಿದ್ಯೆಯ ಹೆಸರನ್ನು ಮೊದಲು 'ಚೀನಾದ ಕೈ' ಎಂಬರ್ಥ ಬರುವ ಚಿಹ್ನೆಗಳಿಂದ ಬರೆಯುತ್ತಿದ್ದರು. ತಾಂಗ್ ರಾಜವಂಶವನ್ನು ಹೇಳುವ ಚಿಹ್ನೆಯೇ ಅಲ್ಲಿ ಚೀನಾಕ್ಕೂ ಸಂಕೇತ. ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೋದಲ್ಲಿ ಇದನ್ನು ಪ್ರದರ್ಶಿಸಿದರು. ಜಪಾನು ಮತ್ತು ಚೀನಾಗಳ ನಡುವೆ ಹಗೆ ಬಲಿತ 1930ರ ದಶಕದಲ್ಲಿ, ಉಚ್ಚಾರ ಹಾಗೆಯೇ ಉಳಿದು, ಚಿಹ್ನೆ ಬದಲಾಯಿತು. ಅದೇ ಧ್ವನಿಯ, 'ಬರಿದು' ಎಂಬರ್ಥದ ಇನ್ನೊಂದು ಚಿಹ್ನೆ ಅದರ ಸ್ಥಾನಕ್ಕೆ ಬಂದಿತು. 1936ರಲ್ಲಿ ನಾಹಾ ಪಟ್ಟಣದಲ್ಲಿ ಸಭೆ ಸೇರಿದ ಗುರುಗಳು ಈ ಬರಹವನ್ನು ಒಪ್ಪಿದರು. ಧ್ವನಿ ನಿಂತಲ್ಲೇ ನಿಂತು ಅರ್ಥ ನಡೆದುಹೋದ ಉದಾಹರಣೆಯಿದು. ನಮ್ಮಲ್ಲಿ ನಡೆದದ್ದು ಇದಕ್ಕೆ ವಿಲೋಮ: 2019ರಲ್ಲಿ 'ಹೈದರಾಬಾದ್ ಕರ್ನಾಟಕ'ವು 'ಕಲ್ಯಾಣ ಕರ್ನಾಟಕ'ವಾದಾಗ ಧ್ವನಿ ನಡೆಯಿತು, ನೆಲ ಅಲ್ಲಿಯೇ ಉಳಿಯಿತು.

ಅಜ್ಜನವರು ಹುಡುಕಿದ ನೆಂಟಸ್ತಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಅವರು ಹುಡುಕಿದ ಜಾಗದಲ್ಲಿಲ್ಲ ಎನ್ನುತ್ತಿದ್ದೇನೆ. 'ಬರಿದು' ಎಂಬ ಆ ಚಿಹ್ನೆಯಿಂದಲೇ ಚೀನಾದ ಬೌದ್ಧ ಅನುವಾದಕರು 'ಶೂನ್ಯ'ವನ್ನು ಕನ್ನಡಿಸಿದರು ಎನ್ನುವ ಹಾಗಿಲ್ಲ, ಚೀನಿಸಿದರು ಎನ್ನಬೇಕು! ಜಪಾನಿಯಲ್ಲಿ ಅದೇ ಚಿಹ್ನೆಗೆ ಆಕಾಶವೆಂಬ ಅರ್ಥವೂ ಉಂಟು. ತೆರೆದ ನೆಲವನ್ನೂ ನಿರಾಕಾರವನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮ್ಮ ವಚನಕಾರರ 'ಬಯಲು' ಇದಕ್ಕೆ ಎಷ್ಟು ಹತ್ತಿರ! ಅಭ್ಯಾಸದ ಅಂಗಳವಾದ 'ದೋಜೊ' ಇನ್ನೂ ಹತ್ತಿರದ್ದು. ಬುದ್ಧನಿಗೆ ಜ್ಞಾನೋದಯವಾದ ತಾಣವನ್ನು ಸಂಸ್ಕೃತವು 'ಬೋಧಿಮಂಡ' ಎನ್ನುತ್ತದೆ. ಅದಕ್ಕೆ ಚೀನೀಯರು ಮಾಡಿದ ಅನುವಾದವೇ ಜಪಾನಿಗರ ಬಾಯಲ್ಲಿ 'ದೋಜೊ' ಆಯಿತು. ಧ್ವನಿಯಲ್ಲಿ ಒಂದಂಶವೂ ಉಳಿದಿಲ್ಲ, ಅರ್ಥ ಮಾತ್ರ ಸಮುದ್ರ ದಾಟಿದೆ.

'ದೋಜೊ'ವಿನ 'ದೋ'ವೇ ಜೂಡೋವಿನ ಕೊನೆಯಲ್ಲಿಯೂ ಇದೆ. ಅದರ ಅರ್ಥ ದಾರಿ. ಕಾನೋ ಜಿಗೊರೊ 1882ರಲ್ಲಿ ಕೊಡೊಕಾನ್ ಸಂಸ್ಥೆಯನ್ನು ಸ್ಥಾಪಿಸಿದಾಗ, ಹಳೆಯ 'ಜುಜುತ್ಸು'ವಿನಲ್ಲಿದ್ದ ಕೌಶಲವಾಚಕವನ್ನು ಬಿಟ್ಟು ಈ ದಾರಿಯನ್ನು ಹಿಡಿದರು. 'ಜು' ಎಂದರೆ ಮೃದು, ಬಾಗುವಂಥದು. ಕವಿರಾಜಮಾರ್ಗವನ್ನು ಮೊದಲ ಗ್ರಂಥವಾಗಿ ಓದುವ ನಮಗೆ, ಒಂದು ವಿದ್ಯೆಯನ್ನು ಮಾರ್ಗವೆಂದು ಕರೆಯುವುದು ಹೊಸತೆನಿಸದು. 'ಸೆನ್ಸೇ' ಎಂದರೆ ಅಕ್ಷರಶಃ ಮೊದಲು ಹುಟ್ಟಿದವನು, ನಮ್ಮ 'ಹಿರಿಯ'. ಅದೇ ಎರಡು ಚಿಹ್ನೆಗಳು ಇಂದಿನ ಚೀನಾದಲ್ಲಿ ಬರಿಯ 'ಶ್ರೀಯುತ'ಕ್ಕೆ ಇಳಿದಿವೆ. 'ಕುಂಗ್ ಫು' ಎಂದರೆ ಕಾದಾಟವಲ್ಲ. ಕಾಲ ಮತ್ತು ಶ್ರಮಗಳಿಂದ ಗಳಿಸಿದ ಕುಶಲತೆ. ಅದು ಅಡುಗೆಯವನಿಗೂ ಉಂಟು, ಲಿಪಿಕಾರನಿಗೂ ಉಂಟು.

ಈ ಕೊನೆಯ ಪದಕ್ಕೆ ಕನ್ನಡದಲ್ಲಿ ಸಾಟಿ ಹುಡುಕುವಾಗ ನನಗೆ ಹೊಳೆದುದು 'ತಾಲೀಮು'. ಅರಬ್ಬಿಯಲ್ಲಿ ಅದು ಕಲಿಸುವಿಕೆ. ಕನ್ನಡದಲ್ಲಿ ನಾಟಕಕ್ಕೂ ಕುಸ್ತಿಗೂ ಮುಂಚಿನ ಅಭ್ಯಾಸ. ಹೈದರಾಬಾದಿನ ಹಳೆಯ ನಗರದಲ್ಲಿ ಕುಸ್ತಿಯ ಮನೆಗೇ ಅದು ಹೆಸರು. 'ಉಸ್ತಾದ್', 'ಪೈಲ್ವಾನ್', 'ಅಖಾಡ' ಎಲ್ಲವೂ ಹೊರಗಿನಿಂದ ಬಂದು ನಮ್ಮ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ ನಮ್ಮವಾದವು. ಎದುರಾಳಿಯನ್ನು ಬೆನ್ನಿಗೇರಿಸಿ ಮುಂದಕ್ಕೆ ಕೆಡಹುವ ಪಟ್ಟನ್ನು ಜೂಡೋ 'ಸೆಓಯಿ ನಾಗೆ', ಎಂದರೆ 'ಹೊತ್ತು ಎಸೆ', ಎನ್ನುತ್ತದೆ. ನಮ್ಮ ಕುಸ್ತಿಯಲ್ಲಿ ಅದನ್ನೇ ಹೋಲುವ ಪಟ್ಟು 'ಧೋಬಿ ಪಛಾಡ್'. ಜಪಾನಿ ಕ್ರಿಯೆಯನ್ನು ಹೆಸರಿಸಿತು. ನಮ್ಮವರು ಕಲ್ಲಿಗೆ ಬಟ್ಟೆ ಬಡಿಯುವ ಅಗಸನನ್ನು ಕಂಡರು.

ಪರಿಭಾಷೆಯ ಪ್ರಶ್ನೆ ಈ ನಗರಕ್ಕೆ ಹಳೆಯದು. ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾಗುವ ಮುನ್ನವೇ, 1917ರಲ್ಲಿ, ಅದಕ್ಕಾಗಿ ಅನುವಾದ ಇಲಾಖೆ ಏರ್ಪಟ್ಟಿತು. ವಿಜ್ಞಾನಕ್ಕೂ ವೈದ್ಯಕ್ಕೂ ಅಲ್ಲಿ ಶಬ್ದಗಳನ್ನು ಟಂಕಿಸಿದರು. ಆಡುವವರಿಲ್ಲದೆ ಟಂಕಿಸಿದ ಶಬ್ದಕ್ಕೆ ಆಯುಸ್ಸು ಕಡಿಮೆ. ಮೈಯಿಂದ ಮೈಗೆ ಕಲಿತ ಶಬ್ದವೂ ಕಲಿಯುವವರು ತಪ್ಪಿದೊಡನೆ ಸದ್ದಿಲ್ಲದೆ ಹೋಗುತ್ತದೆ. ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವನ್ನು ವಿವರಿಸಿದ್ದರಿಂದ ಆ ಕಾಲದ ಜಟ್ಟಿಗಳ ವಿದ್ಯೆ ನಮಗೆ ತಿಳಿದಿದೆ. ಅದೇ ಸೀಮೆಯ ಗರಡಿಗಳ ಇಂದಿನ ಮಾತನ್ನು ಬರೆದಿಡುವವರು ಯಾರು?

ಆದುದರಿಂದ 'ಕರಾಟೆ'ಗೆ ಪರ್ಯಾಯಪದ ಕಟ್ಟುವ ಕೆಲಸವನ್ನು ನಾನು ನಮ್ಮ ವಿದ್ಯಾರ್ಥಿಗಳಿಗೆ ಸೂಚಿಸಲಾರೆ. ಆ ಶಬ್ದ ಇರುವಂತೆಯೇ ಇರಲಿ. ಅದರ ಅರ್ಥವನ್ನು ಒಳಗೆ ಕರೆದರೆ ಸಾಕು. ಅವರು ಮಾಡಬೇಕಾದುದು ಬೇರೆ: ಬೀದರ, ಕಲಬುರಗಿ, ರಾಯಚೂರುಗಳ ಗರಡಿಗಳಿಗೂ ಹೈದರಾಬಾದಿನ ತಾಲೀಮುಗಳಿಗೂ ಹೋಗಿ, ವೃದ್ಧ ಉಸ್ತಾದರ ಬಳಿ ಕುಳಿತು, ಪಟ್ಟುಗಳ ಹೆಸರನ್ನೂ ಆ ಹೆಸರಿನ ಹಿಂದಿನ ಚಲನೆಯನ್ನೂ ಬರೆದುಕೊಳ್ಳಬೇಕು. ಹೆಸರಿನ ಮೂಲ ಅರಬ್ಬಿಯೋ ಸಂಸ್ಕೃತವೋ ಎಂಬ ವಿಚಾರಣೆ ಆಮೇಲಾಗಲಿ. ಮೊದಲು ಶಬ್ದ ಉಳಿಯಬೇಕು.