ಡೂಮ್ ಆಟವೂ ಅಟ್ಟವಿಲ್ಲದ ಮನೆಯೂ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಮೂರು ಸಲ ಕೇಳಿದರು. ನಾಲ್ಕನೆಯ ಸಲ ಕೇಳುವಾಗ ಸ್ವರವನ್ನು ಕೊಂಚ ಏರಿಸಿದರು. ಕವಿತೆ ನನಗೆ ಒಲಿದ ವಿದ್ಯೆಯಲ್ಲ. ಹೇಳಿಕೊಳ್ಳುವಂಥ ಪ್ರವಾಸವನ್ನೂ ಮಾಡಿದವನಲ್ಲ. ಅರ್ಥಶಾಸ್ತ್ರದ ವಿಷಯವಾಗಿ ಬರೆಯೋಣವೆಂದರೆ, ಹೋದ ವರ್ಷ ಆ ವಿಷಯದಲ್ಲಿ ನಾನು ಪಡೆದ ಅಂಕಗಳನ್ನು ಬಲ್ಲ ಅಧ್ಯಾಪಕರು ಈ ಸಂಚಿಕೆಯ ಓದುಗರೂ ಹೌದು. ಆದಕಾರಣ, ಆ ಅಂಕಗಳಿಗೆ ಬಹುಮಟ್ಟಿಗೆ ಹೊಣೆಯಾದ ವಸ್ತುವಿನ ಬಗೆಗೇ ಬರೆದುಬಿಡುವುದು ಪ್ರಾಮಾಣಿಕತೆಯೆಂದು ತೋರಿತು. ಅದು ಒಂದು ಹಳೆಯ ಕಂಪ್ಯೂಟರ್ ಆಟ. ಹೆಸರು ಡೂಮ್.

ಆಟ ನನ್ನ ಕೈಗೆ ಬಂದದ್ದು ಸೋದರಮಾವನ ಹಳೆಯ ಲ್ಯಾಪ್‌ಟಾಪಿನ ಜೊತೆಗೆ. ಮಾವ ಬೆಂಗಳೂರಿನಲ್ಲಿ ಹೊಸದನ್ನು ಕೊಂಡಾಗ, ಹಳೆಯದು ಓದಿಗೆ ಆಗುತ್ತದೆಂದು ನನಗೆ ಕೊಟ್ಟರು. ಬ್ಯಾಟರಿ ತುಂಬಿಸಿದರೆ ಇಪ್ಪತ್ತು ನಿಮಿಷ ಉಸಿರಾಡುತ್ತದೆ. ಈ ಕಾಲದ ಆಟ ಯಾವುದನ್ನು ಹಾಕಿದರೂ ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯುತ್ತದೆ. ಡೂಮ್ ಮಾತ್ರ ಸಲೀಸಾಗಿ ಓಡುತ್ತಿತ್ತು. ಅಮೆರಿಕದ ಟೆಕ್ಸಾಸಿನ ಐಡಿ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ ಅದನ್ನು ಹೊರತಂದದ್ದು 1993ರ ಡಿಸೆಂಬರ್ 10ರಂದು. ನಾನು ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಹಿಂದೆ. ಕಥೆ ದೊಡ್ಡದೇನಲ್ಲ. ಮಂಗಳಗ್ರಹದ ಚಂದ್ರರ ಮೇಲೆ ಒಬ್ಬ ಸೈನಿಕ, ನರಕದ ಬಾಗಿಲು ತೆರೆದು ಬಂದ ಭೂತಗಳು, ಕೆಂಪು ನೀಲಿ ಹಳದಿ ಬೀಗದ ಕೈಗಳು, ಕೈಯಲ್ಲೊಂದು ಕೋವಿ. ಮರುವರ್ಷ ಬಂದ ಎರಡನೆಯ ಡೂಮಿನಲ್ಲಿ ಮೂವತ್ತು ಲೆವೆಲ್‌ಗಳೂ ಗುಟ್ಟಾಗಿ ಅಡಗಿಸಿದ ಇನ್ನೆರಡೂ ಇವೆ. ಲೆವೆಲ್ ಎಂದರೆ ಒಂದು ಕಟ್ಟಡವೆಂದು ತಿಳಿಯಿರಿ: ಒಂದು ಕಡೆ ಒಳಹೊಗುವುದು, ಓಣಿ ಕೋಣೆಗಳಲ್ಲಿ ಅಲೆದು ಸಾಯದೆ ಉಳಿದರೆ ಇನ್ನೊಂದು ಕಡೆಯಿಂದ ಹೊರಬೀಳುವುದು.

ಮೂವತ್ತನ್ನೂ ಮುಗಿಸಿ ಮಾವನಿಗೆ ಫೋನು ಮಾಡಿ ಹೆಮ್ಮೆಯಿಂದ ಹೇಳಿಕೊಂಡೆ. ಮಾವ ನಕ್ಕರು. “ಅದು ಮುಗಿಯೋ ಆಟ ಅಲ್ಲ ಕಣೋ. ಜನ ಕಟ್ಟಿರೋ ಲೆವೆಲ್‌ಗಳಿವೆ, ಹಾಕಿಕೊಂಡು ಆಡು. ನಾವು ಕಾಲೇಜಿನಲ್ಲಿ ಅದನ್ನೇ ಮಾಡ್ತಾ ಇದ್ದದ್ದು” ಎಂದರು. ಅರ್ಥಶಾಸ್ತ್ರಕ್ಕೆ ಸಂಚಕಾರ ಬಂದದ್ದು ಆ ಗಳಿಗೆಯಲ್ಲಿ.

ಇದು ಸಾಧ್ಯವಾದದ್ದರ ಹಿಂದೆ ಒಂದು ಕಾರಣವಿದೆ. ಐಡಿಯವರು 1992ರಲ್ಲಿ ತಂದಿದ್ದ ವುಲ್ಫೆನ್‌ಸ್ಟೈನ್ ಎಂಬ ಆಟವನ್ನು ಅಭಿಮಾನಿಗಳು ತಾವೇ ಬಿಚ್ಚಿ, ಗೋಡೆ ಚಿತ್ರಗಳನ್ನು ಬದಲಾಯಿಸಲು ಹೊರಟರು. ಹಾಗೆ ಮಾಡುವಾಗ ಮೂಲ ಫೈಲುಗಳೇ ಅಳಿಸಿಹೋಗುತ್ತಿದ್ದವು. ಇನ್ನೊಬ್ಬನಾದರೆ ಬೀಗ ಇನ್ನಷ್ಟು ಬಿಗಿಮಾಡುತ್ತಿದ್ದ. ಆಟದ ಯಂತ್ರವನ್ನು ಬರೆದ ಜಾನ್ ಕಾರ್ಮ್ಯಾಕ್ ಮಾಡಿದ್ದು ಬೇರೆ: ಡೂಮಿನಲ್ಲಿ ಆಟವನ್ನು ನಡೆಸುವ ಪ್ರೋಗ್ರಾಮನ್ನು ಒಂದು ಕಡೆಗೂ, ಗೋಡೆ ಭೂತ ಸಂಗೀತ ಮೊದಲಾದ ಸಾಮಗ್ರಿಯನ್ನೆಲ್ಲ ‘ವ್ಯಾಡ್’ ಎಂಬ ಬೇರೊಂದು ಫೈಲಿಗೂ ಹಾಕಿದರು. ಯಕ್ಷಗಾನದ ಮೇಳದಲ್ಲಿ ರಂಗಸ್ಥಳ ಒಂದೇ. ಪೆಟ್ಟಿಗೆಯಿಂದ ಬೇರೆ ವೇಷ ತೆಗೆದರೆ ಬೇರೆ ಪ್ರಸಂಗ. ಹಾಗೆಯೇ ಇದೂ. ಸಂಸ್ಥೆಯವರು ಲೆವೆಲ್ ಕಟ್ಟುವ ಉಪಕರಣವನ್ನು ಕೊಟ್ಟಿರಲಿಲ್ಲ. ಕೊಡುವವರೆಗೆ ಯಾರೂ ಕಾಯಲಿಲ್ಲ. ನ್ಯೂಜಿಲೆಂಡಿನ ಬ್ರೆಂಡನ್ ವೈಬರ್, ಬೆಲ್ಜಿಯಮ್ಮಿನ ರಾಫೇಲ್ ಕಿನೇ ಮುಂತಾದವರು 1994ರಲ್ಲೇ ಅಂಥದೊಂದನ್ನು ತಾವೇ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. ಅಲ್ಲಿಂದ ಇಂದಿನವರೆಗೆ ಜನ ಕಟ್ಟುತ್ತಲೇ ಇದ್ದಾರೆ.

ಇನ್ನು ಹಾಕಿಕೊಳ್ಳುವ ವಿಚಾರ. ಬಲ್ಲವರಿಗೆ ಅದು ಅರ್ಧ ನಿಮಿಷದ ಕೆಲಸ. ನನಗೆ ನಾಲ್ಕು ದಿನ ಹಿಡಿಯಿತು. ಮೊದಲು ವ್ಯಾಡ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ನನ್ನನ್ನೇ ಕೇಳಿತು. ನೋಟ್‌ಪ್ಯಾಡಿನಲ್ಲಿ ತೆರೆದೆ. ಪುಟಗಟ್ಟಲೆ ಇರುವೆ ಸಾಲು. ಓದಲು ಬಂದದ್ದು ಮೊದಲಿನ ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ, ‘ಪಿ-ವ್ಯಾಡ್’ ಎಂದು. ಆಟದ ಮೂಲ ಫೈಲನ್ನು ತೆರೆದರೆ ಅಲ್ಲಿ ‘ಐ-ವ್ಯಾಡ್’ ಎಂದಿದೆ. ಈ ಭೇದವನ್ನು ತಿಳಿಯುವ ಗೋಜಿಗೆ ಹೋಗದೆ ನಾನು ಹೊಸ ಫೈಲಿಗೆ ಹಳೆಯದರ ಹೆಸರನ್ನೇ ಇಟ್ಟು ಅದರ ಜಾಗದಲ್ಲಿ ಕೂರಿಸಿದೆ. ಹಳೆಯದು ಅಳಿಯಿತು, ಹೊಸದು ನಡೆಯಲಿಲ್ಲ. ಮತ್ತೆ ಮಾವನಿಗೆ ಫೋನು. “ಪಿ ಅಂದರೆ ಪ್ಯಾಚು, ತೇಪೆ. ಅಂಗಿಯನ್ನೇ ಬಿಸಾಕಿ ತೇಪೆ ತೊಟ್ಟುಕೊಂಡಿದ್ದೀಯಲ್ಲೋ” ಎಂದರು. ತಮ್ಮಲ್ಲಿದ್ದ ಮೂಲ ಫೈಲನ್ನು ಇನ್ನೊಮ್ಮೆ ಕಳಿಸಿ, ಹೊಸ ಫೈಲನ್ನು ಮೌಸಿನಿಂದ ಎಳೆದು ಡೂಮ್ ಪ್ರೋಗ್ರಾಮಿನ ಗುರುತಿನ ಮೇಲೆ ಬಿಟ್ಟರೆ ಸಾಕೆಂದು ಹೇಳಿಕೊಟ್ಟರು. ಎಳೆದು ಬಿಟ್ಟೆ. ತೆರೆಯಿತು.

ಅಲ್ಲಿಗೂ ಮುಗಿಯಲಿಲ್ಲ. ಒಂದು ಸಂಜೆ ಅಪರೂಪದ ಲೆವೆಲ್ ಸಿಕ್ಕಿದೆಯೆಂದು ಹಾಸ್ಟೆಲಿನ ಕೋಣೆಯ ಗೆಳೆಯನಿಗೆ ಹಾಕಿಕೊಟ್ಟು ಊಟಕ್ಕೆ ಹೋದೆ. ಬಂದು ಕೇಳಿದರೆ, ಯಾರೋ ಪುಣ್ಯಾತ್ಮ ಬಹಳ ಚೆನ್ನಾಗಿ ಕಟ್ಟಿದ್ದಾನೆಂದು ಕೊಂಡಾಡಿದ. ಇಣುಕಿ ನೋಡುತ್ತೇನೆ: ಎರಡನೆಯ ಡೂಮಿನ ಮಾಮೂಲು ಮೊದಲನೆಯ ಲೆವೆಲ್! ಮೊದಲನೆಯ ಡೂಮಿಗೆಂದು ಕಟ್ಟಿದ್ದನ್ನು ನಾನು ಎರಡನೆಯದಕ್ಕೆ ಹಾಕಿದ್ದೆ. ಎರಡರಲ್ಲೂ ಲೆವೆಲ್‌ಗಳ ಹೆಸರಿಡುವ ಕ್ರಮ ಬೇರೆ. ಹೊಸದು ತನ್ನ ಜಾಗವನ್ನು ಹುಡುಕಿ ಕಾಣದೆ ಸುಮ್ಮನೆ ಕೂತಿತ್ತು. ಗೆಳೆಯನಿಗೆ ನಾನು ಈವರೆಗೆ ಹೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಪ್ರತಿ ವ್ಯಾಡಿನ ಜೊತೆಗೂ ಒಂದು ಸಣ್ಣ ಬರಹದ ಫೈಲನ್ನು ಇಡುವುದು ಈ ಜನರಲ್ಲಿ ಮೊದಲಿನಿಂದ ಬಂದ ವಾಡಿಕೆ. ನನಗೆ ಆಟಕ್ಕಿಂತ ಅದರ ಮೇಲೆ ಮೋಹ ಹೆಚ್ಚಾಯಿತು. ಕಟ್ಟಿದವರ ಹೆಸರು, ನೆರವಾದವರ ಹೆಸರು, ಬಳಸಿದ ಉಪಕರಣ, ಕಟ್ಟಲು ಹಿಡಿದ ಕಾಲ, ತಿಳಿದಿರುವ ದೋಷಗಳು, ಕಡೆಗೆ ಇದರ ಮೇಲೆ ಬೇರೆಯವರು ಇನ್ನೊಂದನ್ನು ಕಟ್ಟಬಹುದೇ ಕೂಡದೇ ಎಂಬ ಮಾತು. ನಮ್ಮ ಇತಿಹಾಸದ ಅಧ್ಯಾಪಕರು ಶಾಸನಗಳನ್ನು ಪಾಠ ಮಾಡುವಾಗ ಇಂಥದೇ ಅಚ್ಚು ನೆನಪಿಗೆ ಬರುತ್ತದೆ. ಅಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪವುಂಟು; ಇಲ್ಲಿ ಶಾಪವಿಲ್ಲ, ಅಷ್ಟೇ ವ್ಯತ್ಯಾಸ. ‘ಕಟ್ಟಲು ಹಿಡಿದ ಕಾಲ’ ಎಂಬ ಸಾಲನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ತಿಂಗಳುಗಟ್ಟಲೆ ದುಡಿದು ಕಟ್ಟಿ, ಕಾಸು ಕೇಳದೆ, ಗುರುತಿಲ್ಲದವನ ಕೈಗೆ ಕೊಡುವುದು ಯಾವ ಪುರುಷಾರ್ಥಕ್ಕೆ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದ್ದರೆ ಆ ಅಧ್ಯಾಯವನ್ನು ನಾನು ಓದಿಲ್ಲ.

ಎಲ್ಲವೂ ಬಿಟ್ಟಿಯಾಗಿ ಉಳಿಯಿತೆಂದಲ್ಲ. ಟೀಮ್‌ಟಿಎನ್‌ಟಿ ಎಂಬ ಗುಂಪು ಮೂವತ್ತೆರಡು ಲೆವೆಲ್‌ಗಳನ್ನು ಕಟ್ಟಿ, ಇನ್ನೇನು ಎಲ್ಲರಿಗೂ ಹಂಚಬೇಕೆನ್ನುವಾಗ ಐಡಿಯವರೇ ಅದನ್ನು ಕೊಂಡುಕೊಂಡರು. ಕಸಾಲಿ ಸಹೋದರರು ಕಟ್ಟಿದ ಇನ್ನೊಂದು ಕಂತಿನ ಜೊತೆ ಅದು 1996ರಲ್ಲಿ ‘ಫೈನಲ್ ಡೂಮ್’ ಎಂಬ ಹೆಸರಿನಿಂದ ಅಂಗಡಿಗೆ ಬಂತು. ಕಾದು ಕೂತಿದ್ದ ಅಭಿಮಾನಿಗಳಲ್ಲಿ ಹಲವರು ಮುನಿದರು. ಇತ್ತ 1997ರ ಡಿಸೆಂಬರಿನಲ್ಲಿ ಕಾರ್ಮ್ಯಾಕ್ ಆಟದ ಮೂಲ ಬರಹವನ್ನೇ ಬಹಿರಂಗಪಡಿಸಿದರು. ನನ್ನ ಬಡ ಲ್ಯಾಪ್‌ಟಾಪಿನಲ್ಲಿ ಈ ಆಟ ಓಡುತ್ತಿರುವುದು ಆ ಔದಾರ್ಯದಿಂದ. ಅದನ್ನು ಹಿಡಿದು ಯಾರುಯಾರೋ ಹೊಸ ಕಂಪ್ಯೂಟರುಗಳಿಗೆ ಹೊಂದಿಸಿದ್ದಾರೆ. ಚಾಕೊಲೇಟ್ ಡೂಮ್ ಎಂಬುದು ಹಳೆಯ ಆಟವನ್ನು ಅದರ ದೋಷಗಳ ಸಮೇತ ಉಳಿಸಿಕೊಂಡಿದೆ. ಅದರಲ್ಲಿ ಒಮ್ಮೆಗೆ ಕಣ್ಣಿಗೆ ಬೀಳುವ ಬೇರೆ ಬೇರೆ ಬಗೆಯ ನೆಲ ಮಾಡುಗಳ ತುಂಡುಗಳು 128ನ್ನು ಮೀರಿದರೆ ಆಟವೇ ನಿಂತುಬಿಡುತ್ತದೆ. ಭವ್ಯವಾದ ಒಂದು ಕೋಟೆಯ ಹೆಬ್ಬಾಗಿಲನ್ನು ನಾನು ಆರು ಸಲ ತೆರೆದೆ. ಆರು ಸಲವೂ ಅಂಗಳ ಕಾಣುವ ಮೊದಲೇ ಆಟ ಮುಚ್ಚಿಕೊಂಡಿತು. ಬೇರೆ ಪ್ರೋಗ್ರಾಮನ್ನು ಹಾಕಿದ ಮೇಲೆ ಅಂಗಳವೇನೋ ಕಂಡಿತು, ಆದರೆ ಅಲ್ಲಿದ್ದ ಭೂತಗಳ ಸಂಖ್ಯೆಯನ್ನು ನೋಡಿ ಮೊದಲಿನದೇ ಮೇಲು ಎನಿಸಿತು.

ಆಡಿದವುಗಳಲ್ಲಿ ಮನಸ್ಸಿನಲ್ಲಿ ನಿಂತವು ಎರಡು. ಸ್ವೀಡನ್ನಿನ ಎರಿಕ್ ಆಲ್ಮ್ 2003ರಲ್ಲಿ ಕಟ್ಟಿದ ‘ಸೈದ್’ ಒಬ್ಬನೇ ಕಟ್ಟಿದ ಮೂವತ್ತೆರಡು ಲೆವೆಲ್. ಮೊದಲಿನವು ಚುಟುಕದಷ್ಟು ಚಿಕ್ಕವು, ಬರಬರುತ್ತ ಬೆಳೆಯುತ್ತವೆ. ಇನ್ನೊಂದು, ಜಸ್ಟಿನ್ ಫಿಶರ್ 1994ರಲ್ಲಿ ‘ಏಲಿಯನ್ಸ್’ ಸಿನಿಮಾವನ್ನು ಅನುಸರಿಸಿ ಕಟ್ಟಿದ್ದು. ಅದರ ಮೊದಲ ಲೆವೆಲಿನಲ್ಲಿ ವೈರಿ ಒಬ್ಬನೂ ಇಲ್ಲ. ಬರಿದಾದ ಓಣಿಗಳು. ಬಂದೂಕು ಹಿಡಿದು ಪ್ರತಿ ತಿರುವಿನಲ್ಲೂ ನಿಂತು ನಿಂತು ನಡೆದೆ. ಗುಂಡು ಹಾರಿಸುವ ಸಂದರ್ಭವೇ ಬರಲಿಲ್ಲ. ಅಷ್ಟು ಹೆದರಿಕೆ ನನಗೆ ಭೂತಗಳ ಹಿಂಡಿನ ನಡುವೆಯೂ ಆಗಿರಲಿಲ್ಲ.

ಕೊಲ್ಲುವ ಆಟವಲ್ಲವೇ ಇದು, ವಿದ್ಯಾರ್ಥಿಗೆ ಭೂಷಣವೇ ಎಂದು ಹಿರಿಯರು ಕೇಳಬಹುದು. ಕೊಲ್ಲುವ ಆಟವೇ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೆಲವು ತಿಂಗಳಾದ ಮೇಲೆ ನಾನು ಭೂತಗಳನ್ನು ಕೊಂದು ಮುಗಿಸಿ, ಬರಿದಾದ ಕಟ್ಟಡದಲ್ಲಿ ಒಬ್ಬನೇ ಓಡಾಡುವುದಕ್ಕಾಗಿ ಆಡತೊಡಗಿದ್ದೆ. ಕಟ್ಟಿದವನು ಈ ಕಿಟಕಿಯನ್ನು ಇಲ್ಲೇ ಏಕೆ ಇಟ್ಟ, ಈ ಮೆಟ್ಟಿಲನ್ನು ಏಕೆ ತಿರುಗಿಸಿದ ಎಂದು ನೋಡುವುದು. ಹೊಸದಾಗಿ ಕಲಿಯುವವರು ಮೊದಲು ಕಟ್ಟುವುದು ತಮ್ಮ ಸ್ವಂತ ಮನೆಯನ್ನೇ ಎಂಬುದು ಈ ಬಳಗದಲ್ಲಿ ಹಳೆಯ ತಮಾಷೆ. 2023ರಲ್ಲಿ ಬಂದು ಬಹಳ ಹೆಸರಾದ ‘ಮೈಹೌಸ್’ ಎಂಬ ವ್ಯಾಡ್ ಕೂಡ ಸಾಮಾನ್ಯವಾದ ಒಂದು ಮನೆಯಂತೆಯೇ ಮೊದಲಾಗುತ್ತದೆ. ನನ್ನ ಲ್ಯಾಪ್‌ಟಾಪಿಗೆ ಅದು ಭಾರ. ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ನೋಡಿದೆ. ಯಾರದೋ ಅಡಿಗೆಮನೆ, ಯಾರದೋ ಮಲಗುವ ಕೋಣೆ. ಆ ರಾತ್ರಿ ನಮ್ಮ ಮನೆಯನ್ನು ಕಟ್ಟಬೇಕೆನಿಸಿತು.

ನಮ್ಮದು ತೊಟ್ಟಿಮನೆ, ಆಗಿತ್ತು ಎನ್ನಬೇಕು. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾಯಿತು. ತೊಟ್ಟಿಯ ನಟ್ಟನಡುವೆ ಗೋಡೆ ಎದ್ದಿತು. ಎರಡು ವರ್ಷದ ಮೇಲೆ ದೊಡ್ಡಪ್ಪ ತಮ್ಮ ಪಾಲನ್ನು ಕೆಡವಿ ತಾರಸಿ ಹಾಕಿಸಿದರು. ನಮ್ಮ ಪಾಲಿನ ಅರ್ಧ ತೊಟ್ಟಿಗೆ ತಗಡು ಹೊದಿಸಿದೆವು. ಅಣ್ಣತಮ್ಮಂದಿರಿಗೆ ಅಂದಿನಿಂದ ಮಾತಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಇಬ್ಬರೂ ಮಳೆಯ ವಿಚಾರವನ್ನು ಮೂರನೆಯವರೊಡನೆ ಮಾತಾಡುತ್ತಾರೆ.

ಯುರೇಕಾ ಎಂಬ ಉಪಕರಣವನ್ನು ಹಾಕಿಕೊಂಡು ರಜೆಯಲ್ಲಿ ಮನೆಯಲ್ಲೇ ಕೂತೆ. ಡೂಮಿನಲ್ಲಿ ಕಟ್ಟುವುದೆಂದರೆ ಮೇಲಿನಿಂದ ನೋಡಿದಂತೆ ನೆಲದ ನಕ್ಷೆ ಬರೆಯುವುದು. ಗೆರೆಗಳಿಂದ ಸುತ್ತುವರಿದ ಒಂದೊಂದು ತುಂಡಿಗೂ ನೆಲ ಎಷ್ಟು ಎತ್ತರ, ಮಾಡು ಎಷ್ಟು ಎತ್ತರ ಎಂದು ಹೇಳುವುದು. ನಮ್ಮ ಹಿರಿಯರ ಅಂಕಣದ ಲೆಕ್ಕದಂತೆಯೇ. ತೊಟ್ಟಿಯ ಮಾಡಿಗೆ ‘ಆಕಾಶ’ ಎಂದು ಬರೆದೆ, ಬೆಳಕು ಸುರಿಯಿತು. ಜಗುಲಿಯನ್ನು 32ರ ಎತ್ತರಕ್ಕೆ ಕಟ್ಟಿದೆ. ಆಟದ ಮನುಷ್ಯ 24ಕ್ಕಿಂತ ಎತ್ತರದ ಮೆಟ್ಟಿಲನ್ನು ಹತ್ತಲಾರ. ತನ್ನ ಮನೆಯ ಮುಂದೆ ಸಾಲಗಾರನಂತೆ ನಿಂತ. ಏನು ಮಾಡುವುದೆಂದು ಯೋಚಿಸುವಾಗ ಜಗುಲಿಯ ಮುಂದೆ ಅರ್ಧಚಂದ್ರದಂಥ ಒಂದು ಕಲ್ಲು ಇದ್ದದ್ದು ನೆನಪಾಯಿತು. ಅಜ್ಜಿ ಸಂಜೆ ಅದರ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಅದನ್ನು ನಾನು ಪೂರ್ತಿ ಮರೆತಿದ್ದೆ. ಕಲ್ಲಿಟ್ಟೆ, ಹತ್ತಿದ.

ಆಗದೆ ಹೋದದ್ದು ಅಟ್ಟ. ಹಳೆಯ ಡೂಮಿನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಲಾರದು. ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಮಾಡು. ಹೊಸ ಪ್ರೋಗ್ರಾಮುಗಳಲ್ಲಿ ಇದಕ್ಕೆ ಉಪಾಯವುಂಟು, ಅವು ನನ್ನ ಲ್ಯಾಪ್‌ಟಾಪಿಗೆ ಎಟುಕವು. ಹುಲ್ಲಿನಲ್ಲಿ ಮಾವು ಹಣ್ಣಾಗುತ್ತಿದ್ದ, ಉಪ್ಪಿನಕಾಯಿ ಭರಣಿಗಳಿದ್ದ ಅಟ್ಟವನ್ನು ಬಿಟ್ಟೇ ಕಟ್ಟಿದೆ. ಭೂತಗಳನ್ನೂ ಬಿಟ್ಟೆ. ಒಂದನ್ನು ನಡುಮನೆಯಲ್ಲಿ ನಿಲ್ಲಿಸಿ ನೋಡಿದೆ. ದೇವರಮನೆಯ ಕಡೆಗೆ ಹೊರಟಿತು. ತೆಗೆದುಹಾಕಿದೆ.

ಅಪ್ಪ ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಫಲಿತಾಂಶ ಬಂದ ಮೇಲೆ ಆ ಲ್ಯಾಪ್‌ಟಾಪನ್ನು ಕಂಡರೆ ಅವರಿಗಾಗದು. ಬೈಗುಳಕ್ಕೆ ಸಿದ್ಧನಾದೆ. ಪರದೆಯ ಮೇಲೆ ನಕ್ಷೆ ತೆರೆದಿತ್ತು. ಪಾಲುಪಟ್ಟಿಯ ಜೊತೆಗಿದ್ದ ನಕ್ಷೆಯನ್ನು ವರ್ಷಗಟ್ಟಲೆ ಮಡಿಸಿ ಬಿಚ್ಚಿದವರಿಗೆ ಇದು ಯಾವ ಮನೆಯೆಂದು ಹೇಳಬೇಕಾಗಿರಲಿಲ್ಲ.

“ಗೋಡೆ ಎಲ್ಲಿ?” ಎಂದರು.

“ಹಾಕಿಲ್ಲ ಅಪ್ಪ.”

ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು, “ನಡೆಸು ನೋಡೋಣ” ಎಂದರು. ನಡೆಸಿದೆ. ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಮೇಲಕ್ಕೆ ಏರುವುದನ್ನು ಕಂಡು ಅಂಗಡಿಯ ಷಟರಿನ ಹಾಗಿದೆ ಎಂದರು. ತೊಟ್ಟಿಗೆ ಬಂದಾಗ, “ಅಡಿಗೆಮನೆ ಕಡೆ ಮೂರು ಕಂಬ ಕಣೋ, ಎರಡು ಹಾಕಿದ್ದೀಯ” ಎಂದರು. ಅದರಾಚೆ ದೊಡ್ಡಪ್ಪನ ಕೋಣೆಗೆ ಬಾಗಿಲು ಮಾತ್ರ ಇತ್ತು. ಒಳಗಿನ ಅಳತೆ ನನಗೆ ಗೊತ್ತಿರಲಿಲ್ಲ. ಅಪ್ಪನೂ ನೆನಪು ಮಾಡಿಕೊಂಡು ಸೋತರು. “ಕಣಜ ಯಾವ ಕಡೆ ಇತ್ತು ಅಂತ ನಿನ್ನ ದೊಡ್ಡಪ್ಪನ್ನೇ ಕೇಳಬೇಕು” ಎಂದು ಎದ್ದುಹೋದರು.

ಕೇಳು ಎಂದು ಹೇಳಿದರೋ, ಸುಮ್ಮನೆ ಅಂದುಕೊಂಡರೋ ತಿಳಿಯಲಿಲ್ಲ. ಮಾರನೆಯ ದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಪಕ್ಕದ ಮನೆಗೆ ಹೋದೆ. ದೊಡ್ಡಮ್ಮ ಚಕ್ಕುಲಿ ಕೊಟ್ಟರು. ದೊಡ್ಡಪ್ಪ ಕನ್ನಡಕ ಏರಿಸಿ, ಕೋಣೆಯನ್ನು ಮೊಳದ ಲೆಕ್ಕದಲ್ಲಿ ಹೇಳಿದರು. ಕಣಜ ಬಲಕ್ಕೆ, ಕಿಟಕಿ ಹಿತ್ತಿಲಿಗೆ. ಅವರೆದುರಿಗೇ ಗೆರೆ ಎಳೆದೆ.

“ನಿಮ್ಮಪ್ಪ ನೋಡಿದ್ನಾ ಇದನ್ನ?”

“ನೋಡಿದರು ದೊಡ್ಡಪ್ಪ.”

“ಏನಂದ?”

“ಅಡಿಗೆಮನೆ ಕಡೆ ಮೂರು ಕಂಬ ಅಂದರು.”

“ನಾಲ್ಕು” ಎಂದರು ದೊಡ್ಡಪ್ಪ. “ಅವನಿಗೇನು ಗೊತ್ತು. ನಾಲ್ಕು ಅಂತ ಹೇಳು ಹೋಗು.”

ಹೇಳಿದೆ. ಮೂರೇ ಎಂದು ಅಪ್ಪ ಹಟ ಹಿಡಿದಿದ್ದಾರೆ. ಈ ರಜೆಯಲ್ಲಿ ನಾನು ಆ ಕಡೆಗೂ ಈ ಕಡೆಗೂ ಐದು ಸಲ ಓಡಾಡಿದ್ದೇನೆ. ಲೆವೆಲನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಜೊತೆಗಿಡಬೇಕಾದ ಬರಹವನ್ನು ಮಾತ್ರ ಸಿದ್ಧಮಾಡಿದ್ದೇನೆ. ನೆರವಾದವರು ಎಂಬಲ್ಲಿ ಇಬ್ಬರ ಹೆಸರನ್ನೂ ಬರೆದಿದ್ದೇನೆ. ತಿಳಿದಿರುವ ದೋಷಗಳು ಎಂಬಲ್ಲಿ: ಅಟ್ಟವಿಲ್ಲ, ಕಂಬಗಳ ಲೆಕ್ಕ ಇತ್ಯರ್ಥವಾಗಿಲ್ಲ.